ಬಕ್-ಬೂಸ್ಟ್ ಕನ್ವರ್ಟರಿಗೆ ಕರೆಂಟ್ ಸೆನ್ಸ್ ರೆಸಿಸ್ಟರ್ ಆರಿಸುವ ಕ್ರಮ

12 ವೋಲ್ಟಿನ ಲೆಡ್-ಆಸಿಡ್ ಬ್ಯಾಟರಿಯಿಂದ ಸ್ಥಿರವಾದ 12 ವೋಲ್ಟ್ ಪಡೆಯುವುದಕ್ಕೆ ವೋಲ್ಟೇಜ್ ಇಳಿಸುವ ಬಕ್ ಒಂದೇ ಸಾಲದು, ಏರಿಸುವ ಬೂಸ್ಟ್ ಒಂದೇ ಸಾಲದು. ಚಾರ್ಜ್ ಆಗುತ್ತಿರುವಾಗ ಬ್ಯಾಟರಿಯ ವೋಲ್ಟೇಜ್ 14.4ರ ಆಸುಪಾಸಿಗೆ ಏರುತ್ತದೆ. ಲೋಡ್ ಹೊತ್ತು ಬರಿದಾಗುವ ಹೊತ್ತಿಗೆ 10.5ರವರೆಗೆ ಇಳಿಯುತ್ತದೆ, ಉದ್ದನೆಯ ವೈರುಗಳಲ್ಲಿ ಕಳೆದುಹೋಗುವುದನ್ನೂ ಸೇರಿಸಿಕೊಂಡರೆ ಸರ್ಕ್ಯೂಟಿಗೆ ತಲುಪುವುದು ಅದಕ್ಕಿಂತಲೂ ಕಡಿಮೆ. ಇಂತಹ ಕಡೆ ನಾಲ್ಕು ಮಾಸ್‌ಫೆಟ್‌ಗಳು (ಎಲೆಕ್ಟ್ರಾನಿಕ್ ಸ್ವಿಚ್ಚುಗಳು) ಮತ್ತು ಒಂದು ಇಂಡಕ್ಟರ್ ಇರುವ ಬಕ್-ಬೂಸ್ಟ್ ಕನ್ವರ್ಟರನ್ನು ಬಳಸುತ್ತೇವೆ. ಅದರಲ್ಲಿರುವ ಕೆಲವೇ ಮಿಲಿಓಮ್‌ಗಳ ಸೆನ್ಸ್ ರೆಸಿಸ್ಟರ್, ಅಂದರೆ ಕರೆಂಟನ್ನು ಅಳೆಯಲು ಅದರ ದಾರಿಯಲ್ಲಿ ಇಡುವ ರೆಸಿಸ್ಟರ್, ಮೂರು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಕನ್ವರ್ಟರ್ ಎಷ್ಟು ಲೋಡ್ ಹೊರಬಲ್ಲದು ಎಂಬುದನ್ನು ನಿರ್ಧರಿಸುತ್ತದೆ, ಶಾರ್ಟ್ ಆದಾಗ ಕರೆಂಟಿಗೆ ಕಡಿವಾಣ ಹಾಕುತ್ತದೆ, ಕರೆಂಟ್ ಮೋಡ್ ಕಂಟ್ರೋಲರಾಗಿದ್ದರೆ (ಇಂಡಕ್ಟರಿನ ಕರೆಂಟ್ ನೋಡಿ ಸ್ವಿಚ್ಚುಗಳನ್ನು ನಡೆಸುವ ಚಿಪ್) ಪ್ರತಿ ಸ್ವಿಚಿಂಗ್ ಆವರ್ತದಲ್ಲೂ ಲೂಪಿಗೆ ಬೇಕಾದ ಸಂಕೇತವನ್ನು ಒದಗಿಸುತ್ತದೆ. ಇದರ ಮೌಲ್ಯ ತುಸು ಹೆಚ್ಚಾದರೆ ಬ್ಯಾಟರಿ ಇಳಿದಿರುವಾಗ ಪೂರ್ಣ ಲೋಡಿನಲ್ಲಿ ಔಟ್‌ಪುಟ್ ಕುಸಿಯುತ್ತದೆ. ಕಡಿಮೆಯಾದರೆ ರಕ್ಷಣೆ ಹೆಸರಿಗಷ್ಟೇ ಉಳಿಯುತ್ತದೆ, ಇಂಡಕ್ಟರ್ ಮೊದಲು ಸ್ಯಾಚುರೇಟ್ ಆಗಿ (ಕೋರ್ ಇನ್ನಷ್ಟು ಕಾಂತತ್ವ ಹಿಡಿಯಲಾರದೆ ಕರೆಂಟ್ ಹಠಾತ್ತನೆ ಏರಿ) ಮಾಸ್‌ಫೆಟ್‌ಗಳು ಸುಡುತ್ತವೆ.

ಮುಂದಿನ ಲೆಕ್ಕಗಳಿಗೆಲ್ಲ ಒಂದೇ ವಿನ್ಯಾಸವನ್ನು ಇಟ್ಟುಕೊಳ್ಳೋಣ. ಇನ್‌ಪುಟ್ 9ರಿಂದ 15 ವೋಲ್ಟ್, ಔಟ್‌ಪುಟ್ 12 ವೋಲ್ಟ್, 5 ಆಂಪಿಯರ್. ಸ್ವಿಚಿಂಗ್ ಆವರ್ತನ 200 ಕಿಲೊಹರ್ಟ್ಜ್. ಇಂಡಕ್ಟರ್ 10 ಮೈಕ್ರೊಹೆನ್ರಿ. ಇನ್‌ಪುಟ್ ಅತಿ ಕಡಿಮೆಯಿರುವಾಗಿನ ದಕ್ಷತೆ ಶೇಕಡಾ 93.

ರೆಸಿಸ್ಟರ್ ಕೂರುವ ಜಾಗವನ್ನು ಮೊದಲು ಗುರುತಿಸಿ

ಲೆಕ್ಕಕ್ಕೆ ಕೈ ಹಾಕುವ ಮುನ್ನ ನಿಮ್ಮ ಕಂಟ್ರೋಲರ್ ಯಾವ ಕರೆಂಟನ್ನು, ಯಾವ ಗಳಿಗೆಯಲ್ಲಿ ನೋಡುತ್ತದೆ ಎಂಬುದನ್ನು ಡೇಟಾಶೀಟಿನಲ್ಲಿ ಖಚಿತಪಡಿಸಿಕೊಳ್ಳಬೇಕು. ಇನ್‌ಪುಟ್ ಕಡೆಯ ಮೇಲಿನ ಸ್ವಿಚ್ಚನ್ನು ಎ, ಕೆಳಗಿನದನ್ನು ಬಿ ಎಂದೂ, ಔಟ್‌ಪುಟ್ ಕಡೆಯ ಕೆಳಗಿನದನ್ನು ಸಿ, ಮೇಲಿನದನ್ನು ಡಿ ಎಂದೂ ಕರೆಯುವುದು ವಾಡಿಕೆ. ಎಲ್‌ಟಿಸಿ3780ರಂತಹ ಕಂಟ್ರೋಲರುಗಳಲ್ಲಿ ಬಿ ಮತ್ತು ಸಿ ಮಾಸ್‌ಫೆಟ್‌ಗಳ ಸೋರ್ಸ್‌ಗಳು ಒಂದೆಡೆ ಸೇರುತ್ತವೆ, ಆ ಬಿಂದುವಿಗೂ ಗ್ರೌಂಡಿಗೂ ನಡುವೆ ಒಂದೇ ಒಂದು ರೆಸಿಸ್ಟರ್ ಇರುತ್ತದೆ. ಬೂಸ್ಟ್ ಕ್ರಮದಲ್ಲಿ ಸಿ ತೆರೆದಿರುವಾಗ (ಅಂದರೆ ಆನ್ ಆಗಿ ಕರೆಂಟ್ ಹರಿಯಲು ಬಿಟ್ಟಿರುವಾಗ) ಇಂಡಕ್ಟರಿನ ಪೀಕ್ ಕರೆಂಟನ್ನು ಅಲ್ಲಿ ಅಳೆಯುತ್ತದೆ. ಬಕ್ ಕ್ರಮದಲ್ಲಿ ಬಿ ತೆರೆದಿರುವಾಗ ಅದೇ ರೆಸಿಸ್ಟರಿನಲ್ಲಿ ಕರೆಂಟ್ ಎದುರು ದಿಕ್ಕಿನಲ್ಲಿ ಹರಿಯುತ್ತದೆ, ಆಗ ಅಳೆಯುವುದು ವ್ಯಾಲಿ ಕರೆಂಟನ್ನು, ಅಂದರೆ ಕರೆಂಟ್ ಅಲೆಯ ತಳವನ್ನು. ರೆಸಿಸ್ಟರಿನ ಮೇಲಿನ ವೋಲ್ಟೇಜ್ ಮಿತಿ ವೋಲ್ಟೇಜನ್ನು ಮುಟ್ಟಿದಾಗ ಕಂಟ್ರೋಲರ್ ಕರೆಂಟನ್ನು ತಡೆಯುತ್ತದೆ. ಈ ಕಾರಣದಿಂದಲೇ ಡೇಟಾಶೀಟಿನಲ್ಲಿ ಮಿತಿ ವೋಲ್ಟೇಜ್‌ಗಳು ಎರಡಿರುತ್ತವೆ. ಎಲ್‌ಟಿಸಿ3780ರಲ್ಲಿ ಅವು ಸಾಮಾನ್ಯವಾಗಿ ಬೂಸ್ಟಿಗೆ 160 ಮಿಲಿವೋಲ್ಟ್, ಬಕ್‌ಗೆ 130 ಮಿಲಿವೋಲ್ಟ್.

ಬೇರೆ ಕೆಲವು ಕಂಟ್ರೋಲರುಗಳು ರೆಸಿಸ್ಟರನ್ನು ಇಂಡಕ್ಟರಿನ ಜೊತೆಗೇ ಸರಣಿಯಲ್ಲಿ ಇಡಿಸುತ್ತವೆ. ಆಗ ಕರೆಂಟ್ ಎಲ್ಲ ಕಾಲದಲ್ಲೂ ಕಾಣಿಸುತ್ತದೆ, ಆದರೆ ರೆಸಿಸ್ಟರೂ ಎಲ್ಲ ಕಾಲದಲ್ಲೂ ಬಿಸಿಯಾಗುತ್ತದೆ. ಈ ಎರಡು ವಿನ್ಯಾಸಗಳ ಸೂತ್ರಗಳನ್ನು ಬೆರೆಸಬಾರದು. ಒಂದೇ ಸ್ವಿಚ್ಚಿನಿಂದ ಋಣ ವೋಲ್ಟೇಜ್ ಕೊಡುವ ಹಳೆಯ ಮಾದರಿಯ ಬಕ್-ಬೂಸ್ಟ್ ನಿಮ್ಮದಾಗಿದ್ದರೆ, ಅಲ್ಲಿ ಇಂಡಕ್ಟರಿನ ಸರಾಸರಿ ಕರೆಂಟ್ ಔಟ್‌ಪುಟ್ ಕರೆಂಟನ್ನು, 1ರಿಂದ ಡ್ಯೂಟಿ ಸೈಕಲ್ (ಪ್ರತಿ ಆವರ್ತದಲ್ಲಿ ಸ್ವಿಚ್ ಆನ್ ಇರುವ ಪಾಲು) ಕಳೆದು ಬಂದದ್ದರಿಂದ ಭಾಗಿಸಿದಷ್ಟು ಇರುತ್ತದೆ. 12 ವೋಲ್ಟಿನಿಂದ ಋಣ 12 ವೋಲ್ಟ್ ಪಡೆಯುವಾಗ, ನಷ್ಟಗಳನ್ನು ಬಿಟ್ಟು ನೋಡಿದರೂ, ಅದು ಲೋಡಿನ ಎರಡು ಪಟ್ಟು.

ಎರಡು ತುದಿಗಳ ಕರೆಂಟ್

ಬೂಸ್ಟ್ ಕ್ರಮಕ್ಕೆ ಕಷ್ಟಕಾಲ ಬರುವುದು ಇನ್‌ಪುಟ್ ಅತಿ ಕಡಿಮೆಯಿರುವಾಗ. ಔಟ್‌ಪುಟ್ ಶಕ್ತಿ 60 ವ್ಯಾಟ್. ಅದನ್ನು 9 ವೋಲ್ಟ್ ಮತ್ತು 0.93ರ ಗುಣಲಬ್ಧದಿಂದ ಭಾಗಿಸಿದರೆ ಇಂಡಕ್ಟರಿನ ಸರಾಸರಿ ಕರೆಂಟ್ 7.17 ಆಂಪಿಯರ್. ಡ್ಯೂಟಿ ಸೈಕಲ್ 1 − 9/12, ಅಂದರೆ 0.25. ರಿಪಲ್, ಅಂದರೆ ಪ್ರತಿ ಆವರ್ತದಲ್ಲಿ ಕರೆಂಟ್ ಏರಿಳಿಯುವ ಪ್ರಮಾಣ, 9 × 0.25 ಅನ್ನು ಆವರ್ತನ ಮತ್ತು ಇಂಡಕ್ಟನ್ಸ್‌ಗಳ ಗುಣಲಬ್ಧದಿಂದ ಭಾಗಿಸಿದ್ದು. ಇಲ್ಲಿ ಆ ಗುಣಲಬ್ಧ 2 ಆದ್ದರಿಂದ ರಿಪಲ್ 1.125 ಆಂಪಿಯರ್. ಅದರ ಅರ್ಧವನ್ನು ಸರಾಸರಿಗೆ ಕೂಡಿಸಿದರೆ ಪೀಕ್ ಕರೆಂಟ್ 7.73 ಆಂಪಿಯರ್.

ಬಕ್ ಕ್ರಮದಲ್ಲಿ ಇನ್‌ಪುಟ್ 15 ವೋಲ್ಟ್ ಇರುವಾಗ ರಿಪಲ್ 3 × 0.8 ÷ 2, ಅಂದರೆ 1.2 ಆಂಪಿಯರ್. ಸರಾಸರಿ ಕರೆಂಟ್ ಲೋಡಿನಷ್ಟೇ, 5 ಆಂಪಿಯರ್, ವ್ಯಾಲಿ 4.4 ಆಂಪಿಯರ್. ಇನ್‌ಪುಟ್ ಮತ್ತು ಔಟ್‌ಪುಟ್ ಹತ್ತಿರ ಬಂದಾಗ ನಾಲ್ಕೂ ಸ್ವಿಚ್ಚುಗಳು ಕೆಲಸ ಮಾಡುವ ನಡುವಿನ ವಲಯವೊಂದಿದೆ. ಅಲ್ಲಿ ರಿಪಲ್ ಕಡಿಮೆ, ಸರಾಸರಿ ಕರೆಂಟೂ 9 ವೋಲ್ಟಿನ ಸ್ಥಿತಿಗಿಂತ ಕಡಿಮೆ. ಆದ್ದರಿಂದ ರೆಸಿಸ್ಟರಿನ ಮೌಲ್ಯವನ್ನು ಆ ವಲಯ ನಿರ್ಧರಿಸುವುದಿಲ್ಲ.

ಇಲ್ಲಿ ಒಂದು ಷರತ್ತು ಇದೆ. ಈ 9 ವೋಲ್ಟ್ ಕಾಗದದ ಮೇಲಿನ ಸಂಖ್ಯೆಯಾಗಿ ಉಳಿಯಬಾರದು. ಅಂಡರ್‌ವೋಲ್ಟೇಜ್ ಲಾಕೌಟ್ ಅಲ್ಲಿಯೇ ಕನ್ವರ್ಟರನ್ನು ನಿಲ್ಲಿಸಬೇಕು. ನಿಲ್ಲಿಸದೆ ಬ್ಯಾಟರಿ 7 ವೋಲ್ಟಿಗೆ ಕುಸಿಯಲು ಬಿಟ್ಟರೆ ಅದೇ 60 ವ್ಯಾಟಿಗಾಗಿ 9 ಆಂಪಿಯರಿಗೂ ಹೆಚ್ಚು ಸರಾಸರಿ ಕರೆಂಟ್ ಬೇಕಾಗುತ್ತದೆ, ನಮ್ಮ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು.

ಕನಿಷ್ಠ ಮಿತಿಯಿಂದ ಮೌಲ್ಯವನ್ನು ಕಂಡುಹಿಡಿಯಿರಿ

ಡೇಟಾಶೀಟಿನ ಮೊದಲ ಪುಟದಲ್ಲಿ ಕಾಣುವ ಮಿತಿ ವೋಲ್ಟೇಜ್ ಸಾಮಾನ್ಯ ಮೌಲ್ಯ. ರೆಸಿಸ್ಟರನ್ನು ಆ ಸಂಖ್ಯೆಯಿಂದ ಲೆಕ್ಕ ಹಾಕಿದರೆ ಮಾಡಿದ ಬೋರ್ಡುಗಳಲ್ಲಿ ಕೆಲವು ಪೂರ್ಣ ಲೋಡ್ ಹೊರಲಾರವು. ಒಳಗಿನ ಕೋಷ್ಟಕದಲ್ಲಿ ಕನಿಷ್ಠ, ಸಾಮಾನ್ಯ, ಗರಿಷ್ಠ ಎಂಬ ಮೂರು ಕಾಲಂಗಳಿರುತ್ತವೆ. ಲೋಡಿನ ಭರವಸೆಗೆ ಕನಿಷ್ಠದ ಕಾಲಂ, ಅಪಾಯದ ಲೆಕ್ಕಕ್ಕೆ ಗರಿಷ್ಠದ ಕಾಲಂ. ಇಡೀ ಆಯ್ಕೆಯಲ್ಲಿ ನಾನು ಅತಿ ಹೆಚ್ಚು ಒತ್ತಿ ಹೇಳಬೇಕಾದ ಮಾತು ಇದು.

ಉದಾಹರಣೆಗಾಗಿ ನಮ್ಮ ಕಂಟ್ರೋಲರಿನ ಬೂಸ್ಟ್ ಮಿತಿ ಕನಿಷ್ಠ 100, ಸಾಮಾನ್ಯ 120, ಗರಿಷ್ಠ 140 ಮಿಲಿವೋಲ್ಟ್ ಎಂದೂ, ಬಕ್ ಮಿತಿ ಕ್ರಮವಾಗಿ 60, 80, 100 ಮಿಲಿವೋಲ್ಟ್ ಎಂದೂ ಭಾವಿಸೋಣ. ನಿಮ್ಮ ಚಿಪ್ಪಿನ ಸಂಖ್ಯೆಗಳನ್ನು ಇವುಗಳ ಜಾಗದಲ್ಲಿ ಇಟ್ಟುಕೊಳ್ಳಿ. ಅನೇಕ ಕಂಟ್ರೋಲರುಗಳಲ್ಲಿ ಸ್ಲೋಪ್ ಕಾಂಪನ್ಸೇಶನ್ನಿನ (ಲೂಪ್ ಓಲಾಡದಂತೆ ಸಂಕೇತಕ್ಕೆ ಸೇರಿಸುವ ಏರು ಗೆರೆಯ) ಕಾರಣದಿಂದ ಡ್ಯೂಟಿ ಸೈಕಲ್ ಏರಿದಂತೆ ಪೀಕ್ ಮಿತಿ ಇಳಿಯುತ್ತದೆ. ಅದನ್ನು ತೋರಿಸುವ ಗ್ರಾಫ್ ಇದ್ದರೆ ನಿಮ್ಮ ಕನಿಷ್ಠ ಇನ್‌ಪುಟ್ಟಿನ ಡ್ಯೂಟಿ ಸೈಕಲ್ ಎದುರಿನ ಬೆಲೆಯನ್ನೇ ಓದಿಕೊಳ್ಳಬೇಕು.

ಕರೆಂಟಿನ ಮೇಲೆ ಶೇಕಡಾ 25ರಷ್ಟು ಬಿಡುವು ಇಡುವುದು ಒಳ್ಳೆಯದು. ಇದು ಅಂದಾಜಿಗೆ ಹೇಳಿದ ಸಂಖ್ಯೆಯಲ್ಲ. ಇಂಡಕ್ಟರಿನ ಮೌಲ್ಯದಲ್ಲಿ ಸಾಮಾನ್ಯವಾಗಿ ಶೇಕಡಾ 20ರಷ್ಟು ವ್ಯತ್ಯಾಸವಿರುತ್ತದೆ, ಕರೆಂಟ್ ಏರಿದಂತೆ ಅದು ಇನ್ನೂ ಇಳಿಯುತ್ತದೆ, ಆಗ ರಿಪಲ್ ಹೆಚ್ಚುತ್ತದೆ. ಲೋಡ್ ದಿಢೀರನೆ ಏರಿದಾಗ ಔಟ್‌ಪುಟ್ ಕೆಪಾಸಿಟರನ್ನು ಮತ್ತೆ ತುಂಬಿಸಲು ಲೋಡಿನ ಕರೆಂಟಿಗಿಂತ ಹೆಚ್ಚಿನದನ್ನು ಇಂಡಕ್ಟರ್ ಕೊಡಬೇಕಾಗುತ್ತದೆ.

ಬೂಸ್ಟಿಗೆ 7.73 × 1.25, ಅಂದರೆ 9.66 ಆಂಪಿಯರ್, 100 ಮಿಲಿವೋಲ್ಟನ್ನು ಅದರಿಂದ ಭಾಗಿಸಿದರೆ 10.35 ಮಿಲಿಓಮ್. ಬಕ್‌ಗೆ 4.4 × 1.25, ಅಂದರೆ 5.5 ಆಂಪಿಯರ್, 60 ಮಿಲಿವೋಲ್ಟನ್ನು ಅದರಿಂದ ಭಾಗಿಸಿದರೆ 10.9 ಮಿಲಿಓಮ್. ಎರಡರಲ್ಲಿ ಚಿಕ್ಕದನ್ನು ಹಿಡಿದು, ಅದಕ್ಕಿಂತ ಕೆಳಗೆ ಮಾರುಕಟ್ಟೆಯಲ್ಲಿ ಸಿಗುವ ಮೊದಲ ಮೌಲ್ಯವನ್ನು ಆರಿಸಬೇಕು. ನಮಗೆ ದೊರೆತದ್ದು 10 ಮಿಲಿಓಮ್.

12 ಮಿಲಿಓಮ್ ಹಾಕಿದ್ದರೆ ಬೂಸ್ಟ್ ಕ್ರಮದ ಖಚಿತ ಮಿತಿ 8.33 ಆಂಪಿಯರಿಗೆ ಇಳಿದು, ಬಿಡುವು ಶೇಕಡಾ 8ಕ್ಕಿಂತಲೂ ಕಡಿಮೆಯಾಗುತ್ತಿತ್ತು. 5 ಮಿಲಿಓಮ್ ಹಾಕಿದ್ದರೆ ನಷ್ಟ ಅರ್ಧವಾಗುತ್ತಿತ್ತು ನಿಜ, ಆದರೆ ಸಂಕೇತವೂ ಅರ್ಧವಾಗಿ, ಸ್ವಿಚಿಂಗ್ ಗದ್ದಲದ ನಡುವೆ ಕಂಟ್ರೋಲರಿಗೆ ಅದನ್ನು ಓದುವುದು ಕಷ್ಟವಾಗುತ್ತಿತ್ತು. ಕರೆಂಟ್ ಮೋಡ್ ಲೂಪಿನ ಗೇನ್ ಕೂಡ ಈ ಮೌಲ್ಯವನ್ನೇ ಅವಲಂಬಿಸಿರುವುದರಿಂದ, ರೆಸಿಸ್ಟರನ್ನು ಬದಲಿಸಿದಾಗಲೆಲ್ಲ ಕಾಂಪನ್ಸೇಶನ್ ಭಾಗಗಳನ್ನೂ ಹೊಸದಾಗಿ ಲೆಕ್ಕ ಹಾಕಲೇಬೇಕು.

ಗರಿಷ್ಠ ಮಿತಿಯಿಂದ ತಾಳೆ ನೋಡಿ

ಈಗ ಕೋಷ್ಟಕದ ಇನ್ನೊಂದು ತುದಿಗೆ ಹೋಗೋಣ. ಬೂಸ್ಟಿನಲ್ಲಿ ಗರಿಷ್ಠ 140 ಮಿಲಿವೋಲ್ಟ್ ಎಂದರೆ 10 ಮಿಲಿಓಮಿನಲ್ಲಿ 14 ಆಂಪಿಯರ್ ಪೀಕ್. ಬಕ್‌ನಲ್ಲಿ 100 ಮಿಲಿವೋಲ್ಟ್ ಎಂದರೆ 10 ಆಂಪಿಯರ್ ವ್ಯಾಲಿ, ಅದಕ್ಕೆ ರಿಪಲ್ ಸೇರಿಸಿದರೆ 11.2 ಆಂಪಿಯರ್ ಪೀಕ್. ಆದ್ದರಿಂದ ಇಂಡಕ್ಟರಿನ ಸ್ಯಾಚುರೇಶನ್ ಕರೆಂಟ್, ಅದೂ ಬಿಸಿಯಾದ ಸ್ಥಿತಿಯಲ್ಲಿ, 14 ಆಂಪಿಯರಿಗಿಂತ ಹೆಚ್ಚಿರಬೇಕು. ಲೋಡ್ 5 ಆಂಪಿಯರ್ ತಾನೇ ಎಂದು 8 ಆಂಪಿಯರಿನ ಇಂಡಕ್ಟರ್ ತಂದರೆ ಅದು ದಿನನಿತ್ಯದ ಕೆಲಸವನ್ನು ನಿಭಾಯಿಸೀತು. ಓವರ್‌ಲೋಡ್ ಆದ ದಿನ ಮಾತ್ರ ನಿಭಾಯಿಸದು. ಫೆರೈಟ್ ಕೋರ್ ಸ್ಯಾಚುರೇಶನ್ನಿಗೆ ಹೋಗುವುದು ಥಟ್ಟನೆ, ಆಗ ಕರೆಂಟ್ ಏರುವ ವೇಗಕ್ಕೆ ಕಂಟ್ರೋಲರಿನ ಪ್ರತಿಕ್ರಿಯೆ ಸಾಲುವುದಿಲ್ಲ.

14 ಆಂಪಿಯರಿನ ಇಂಡಕ್ಟರಿಗೆ ಜಾಗವಿಲ್ಲದಿದ್ದರೆ, ಮಿತಿಯ ಕನಿಷ್ಠ-ಗರಿಷ್ಠಗಳ ಅಂತರ ಕಡಿಮೆಯಿರುವ ಕಂಟ್ರೋಲರನ್ನು ಹುಡುಕುವುದು ಸರಿಯಾದ ದಾರಿ. ರೆಸಿಸ್ಟರಿನ ಮೌಲ್ಯವನ್ನು ಏರಿಸಿ ಬಿಡುವನ್ನು ತಿನ್ನುವುದು ಸರಿಯಲ್ಲ.

ಬಿಸಿ ಎಷ್ಟು, ಯಾವಾಗ

ರೆಸಿಸ್ಟರ್ ಕೆಳಗಿನ ಸ್ವಿಚ್ಚುಗಳ ಸೋರ್ಸಿನಲ್ಲಿ ಇರುವುದರಿಂದ ಬೂಸ್ಟ್ ಕ್ರಮದಲ್ಲಿ ಸಿ ತೆರೆದಿರುವ ಕಾಲು ಭಾಗದ ಅವಧಿಯಲ್ಲಿ ಮಾತ್ರ ಅದರಲ್ಲಿ ಕರೆಂಟ್ ಇರುತ್ತದೆ. 7.17ರ ವರ್ಗವನ್ನು 0.25 ಮತ್ತು 10 ಮಿಲಿಓಮ್‌ಗಳಿಂದ ಗುಣಿಸಿದರೆ ಸುಮಾರು 0.13 ವ್ಯಾಟ್. 15 ವೋಲ್ಟಿನ ಬಕ್ ಕ್ರಮದಲ್ಲಿ ಬಿ ತೆರೆದಿರುವುದು ಐದನೆಯ ಒಂದು ಭಾಗ ಮಾತ್ರ, ಅಲ್ಲಿ 0.05 ವ್ಯಾಟ್. ಇದೇ ರೆಸಿಸ್ಟರ್ ಇಂಡಕ್ಟರಿನ ಸರಣಿಯಲ್ಲಿದ್ದಿದ್ದರೆ 9 ವೋಲ್ಟಿನಲ್ಲಿ 0.51 ವ್ಯಾಟ್ ಆಗುತ್ತಿತ್ತು. 60 ವ್ಯಾಟಿನಲ್ಲಿ ಅದು ಶೇಕಡಾ 0.9ರ ಹತ್ತಿರ, ದಕ್ಷತೆಗಾಗಿ ಹೋರಾಡುವವರಿಗೆ ಸಣ್ಣದಲ್ಲ.

0.13 ವ್ಯಾಟ್ ತಾನೇ ಎಂದು 1206 ಗಾತ್ರದ ಕಾಲು ವ್ಯಾಟಿನ ಭಾಗವನ್ನು ಹಾಕುವ ಮುನ್ನ ಔಟ್‌ಪುಟ್ ಶಾರ್ಟ್ ಆದಾಗ ಏನಾಗುತ್ತದೆ ಎಂಬುದನ್ನು ನೋಡಿ. ಔಟ್‌ಪುಟ್ ಶೂನ್ಯಕ್ಕೆ ಬಂದರೆ ಕನ್ವರ್ಟರ್ ಬಕ್ ಕ್ರಮದಲ್ಲಿರುತ್ತದೆ, ಡ್ಯೂಟಿ ಸೈಕಲ್ ಬಹುತೇಕ ಸೊನ್ನೆಯಾಗುತ್ತದೆ, ಬಿ ಸ್ವಿಚ್ ಹೆಚ್ಚುಕಡಿಮೆ ಇಡೀ ಆವರ್ತ ತೆರೆದೇ ಇರುತ್ತದೆ. ವ್ಯಾಲಿ ಮಿತಿ ಗರಿಷ್ಠದಲ್ಲಿದ್ದರೆ 10 ಆಂಪಿಯರಿಗಿಂತ ತುಸು ಹೆಚ್ಚು ಕರೆಂಟ್ ಬಿಡುವಿಲ್ಲದೆ ಹರಿಯುತ್ತದೆ, ರೆಸಿಸ್ಟರಿನಲ್ಲಿ 1 ವ್ಯಾಟಿಗೂ ಮೀರಿ ಶಾಖ ಹುಟ್ಟುತ್ತದೆ. ಸಾಮಾನ್ಯ ಕೆಲಸದ ಎಂಟು ಪಟ್ಟು ಅದು. ನಿಮ್ಮ ಕಂಟ್ರೋಲರಿನಲ್ಲಿ ಹಿಕಪ್ ರಕ್ಷಣೆ (ನಿಂತು, ಮತ್ತೆ ಮತ್ತೆ ಶುರುವಾಗಿ ನೋಡುವುದು) ಅಥವಾ ಕರೆಂಟಿನ ಮಿತಿಯನ್ನೇ ತಗ್ಗಿಸುವ ಫೋಲ್ಡ್‌ಬ್ಯಾಕ್ ಇದ್ದರೆ ಈ ಸಂಖ್ಯೆ ಇಳಿಯುತ್ತದೆ. ಇಲ್ಲದಿದ್ದರೆ ರೆಸಿಸ್ಟರಿನ ವ್ಯಾಟೇಜನ್ನು ನಿರ್ಧರಿಸಬೇಕಾದದ್ದು ಶಾರ್ಟ್ ಸ್ಥಿತಿಯೇ.

ವ್ಯಾಟೇಜ್ ಓದುವಾಗ, ಬಿಸಿಯೇರಿದಂತೆ ಭಾಗ ಎಷ್ಟು ವ್ಯಾಟ್ ತಾಳಬಲ್ಲದೆಂದು ತೋರಿಸುವ ಡಿರೇಟಿಂಗ್ ಗ್ರಾಫನ್ನೂ ಓದಬೇಕು. ಹಲವು ಸೆನ್ಸ್ ರೆಸಿಸ್ಟರುಗಳಲ್ಲಿ ಪೂರ್ಣ ಶಕ್ತಿ 70 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ, ಅಲ್ಲಿಂದ 155 ಡಿಗ್ರಿಗೆ ಅದು ನೇರ ರೇಖೆಯಲ್ಲಿ ಸೊನ್ನೆಗಿಳಿಯುತ್ತದೆ. ಪಕ್ಕದಲ್ಲೇ ಮಾಸ್‌ಫೆಟ್‌ಗಳಿರುವ ಬೋರ್ಡಿನ ಆ ಜಾಗ 100 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಆಗ 1 ವ್ಯಾಟಿನ ಭಾಗಕ್ಕೆ ಉಳಿಯುವುದು 0.65 ವ್ಯಾಟ್, 2 ವ್ಯಾಟಿನದಕ್ಕೆ 1.29 ವ್ಯಾಟ್. ನಮ್ಮ ವಿನ್ಯಾಸಕ್ಕೆ 2512 ಗಾತ್ರದ, 2 ವ್ಯಾಟಿನ ರೆಸಿಸ್ಟರ್ ಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಯಾವ ಬಗೆಯದು

ಮೆಟಲ್ ಸ್ಟ್ರಿಪ್ ಬಗೆಯನ್ನೇ ಕೊಳ್ಳಿ. ಇವುಗಳಲ್ಲಿ ಬಳಸುವ ಮ್ಯಾಂಗನಿನ್‌ನಂತಹ ಮಿಶ್ರಲೋಹಗಳ ರೋಧ ಉಷ್ಣತೆಗೆ ಬಹಳ ಕಡಿಮೆ ಬದಲಾಗುತ್ತದೆ. ತಾಮ್ರ, ಮ್ಯಾಂಗನೀಸ್ ಮತ್ತು ನಿಕ್ಕಲ್‌ಗಳ ಈ ಮಿಶ್ರಣವನ್ನು ಎಡ್ವರ್ಡ್ ವೆಸ್ಟನ್ 1892ರಲ್ಲಿ ರೂಪಿಸಿದ್ದು ಅಳತೆಯ ಉಪಕರಣಗಳ ನಿಖರತೆಗಾಗಿಯೇ. ಉಷ್ಣತಾ ಗುಣಾಂಕ ಡಿಗ್ರಿಗೆ 50 ಪಿಪಿಎಂ (ಹತ್ತು ಲಕ್ಷದಲ್ಲಿ 50 ಪಾಲು) ಇರುವ ಭಾಗ 75 ಡಿಗ್ರಿ ಬಿಸಿಯೇರಿದರೂ ಶೇಕಡಾ 0.4ಕ್ಕಿಂತ ಹೆಚ್ಚು ಬದಲಾಗದು. ಇಷ್ಟು ಕಡಿಮೆ ಮೌಲ್ಯದ ಥಿಕ್ ಫಿಲ್ಮ್ ಭಾಗಗಳ ಗುಣಾಂಕ ಹಲವು ನೂರು ಪಿಪಿಎಂ ಇರಬಹುದು, ಕರೆಂಟಿನ ಹೊಡೆತವನ್ನು ತಾಳುವ ಶಕ್ತಿಯೂ ಅವಕ್ಕೆ ಕಡಿಮೆ.

ನಿಖರತೆಗೆ ಶೇಕಡಾ 1 ಸಾಕು. ಕಂಟ್ರೋಲರಿನ ಮಿತಿಯೇ 120ರಿಂದ ಆಚೀಚೆ ಶೇಕಡಾ 17ರಷ್ಟು ಓಲಾಡುವಾಗ ಶೇಕಡಾ 0.1ರ ರೆಸಿಸ್ಟರಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಇನ್ನು ರೆಸಿಸ್ಟರಿನೊಳಗೆ ಅಡಗಿರುವ ಇಂಡಕ್ಟನ್ಸ್. ಒಂದು ನ್ಯಾನೊಹೆನ್ರಿ ಎಂದರೆ ಲೆಕ್ಕಕ್ಕೇ ಬಾರದು ಎನ್ನಿಸುತ್ತದೆ. ಆದರೆ ಸಿ ಸ್ವಿಚ್ ತೆರೆಯುವ ಗಳಿಗೆಯಲ್ಲಿ ರೆಸಿಸ್ಟರಿನ ಕರೆಂಟ್ ಸೊನ್ನೆಯಿಂದ 6.6 ಆಂಪಿಯರಿಗೆ 20 ನ್ಯಾನೊಸೆಕೆಂಡಿನಲ್ಲಿ ಜಿಗಿದರೆ ಅದರ ಮೇಲೆ 330 ಮಿಲಿವೋಲ್ಟಿನ ಮುಳ್ಳು ಏಳುತ್ತದೆ. ನಮಗೆ ಬೇಕಾದ ಸಂಕೇತ 77 ಮಿಲಿವೋಲ್ಟ್! ಕಂಟ್ರೋಲರಿನೊಳಗಿನ ಬ್ಲಾಂಕಿಂಗ್ ಅವಧಿ (ಸ್ವಿಚ್ ಆದೊಡನೆ ಸಂಕೇತವನ್ನು ಕಡೆಗಣಿಸುವ ಕ್ಷಣ) ಇದರಲ್ಲಿ ಬಹುಪಾಲನ್ನು ನುಂಗುತ್ತದೆ, ಉಳಿದದ್ದಕ್ಕೆ ಫಿಲ್ಟರ್ ಬೇಕು. ಫಿಲ್ಟರಿನ ಕಾಲಾವಧಿಯನ್ನು (ಅದರ ರೋಧ × ಕೆಪಾಸಿಟನ್ಸ್) ಸೆನ್ಸ್ ರೆಸಿಸ್ಟರಿನ ಇಂಡಕ್ಟನ್ಸ್ ಭಾಗಿಸು ರೋಧಕ್ಕೆ ಸಮನಾಗಿಸಿದರೆ ಇಂಡಕ್ಟನ್ಸಿನ ಪರಿಣಾಮ ಅಳಿಸಿಹೋಗುತ್ತದೆ. ಇಲ್ಲಿ ಅದು 100 ನ್ಯಾನೊಸೆಕೆಂಡ್, ಅಂದರೆ ಎರಡೂ ಸೆನ್ಸ್ ಗೆರೆಗಳಲ್ಲಿ 50 ಓಮ್, ನಡುವೆ 1 ನ್ಯಾನೊಫ್ಯಾರಡ್. ಫಿಲ್ಟರಿನ ಓಮ್‌ಗಳನ್ನು ಮನಬಂದಂತೆ ಏರಿಸಬೇಡಿ, ಏಕೆಂದರೆ ಸೆನ್ಸ್ ಪಿನ್ನುಗಳು ಸ್ವಲ್ಪ ಕರೆಂಟ್ ಎಳೆಯುತ್ತವೆ; 20 ಮೈಕ್ರೊಆಂಪಿಯರ್ 1 ಕಿಲೊಓಮಿನಲ್ಲಿ ಹರಿದರೆ 20 ಮಿಲಿವೋಲ್ಟಿನ ತಪ್ಪು ಓದಿಕೆ ಹುಟ್ಟುತ್ತದೆ. ಇಂಡಕ್ಟನ್ಸ್ ಇನ್ನೂ ಕಡಿಮೆ ಬೇಕಿದ್ದವರು ಅಗಲವಾದ ಬದಿಯಲ್ಲಿ ಟರ್ಮಿನಲ್ ಇರುವ 1225ರಂತಹ ಗಾತ್ರಗಳನ್ನು ನೋಡಬಹುದು, ಅಥವಾ 20 ಮಿಲಿಓಮಿನ ಎರಡನ್ನು ಸಮಾಂತರವಾಗಿ ಹಾಕಬಹುದು.

ಬಿಡಿಯಾಗಿ ಕೊಳ್ಳುವಾಗ ಮೈಮೇಲಿನ ಗುರುತನ್ನು ಎರಡು ಬಾರಿ ಓದಿ. ಆರ್010 ಎಂದರೆ 10 ಮಿಲಿಓಮ್, ಆರ್100 ಎಂದರೆ 100 ಮಿಲಿಓಮ್. 2512 ಗಾತ್ರದಲ್ಲಿ ಎರಡೂ ನೋಡಲು ಒಂದೇ.

ಪಿಸಿಬಿಯ ತಾಮ್ರವೂ ರೆಸಿಸ್ಟರೇ

ಇಷ್ಟೆಲ್ಲ ಲೆಕ್ಕ ಹಾಕಿ ಆರಿಸಿದ 10 ಮಿಲಿಓಮನ್ನು ಲೇಔಟ್ ಕೆಡಿಸಬಲ್ಲದು. 35 ಮೈಕ್ರಾನ್ ದಪ್ಪದ ತಾಮ್ರದ ಗೆರೆಯಲ್ಲಿ ಪ್ರತಿ ಚೌಕಕ್ಕೆ ಸುಮಾರು 0.5 ಮಿಲಿಓಮ್ ರೋಧವಿದೆ. ಅಂದರೆ 5 ಮಿಲಿಮೀಟರ್ ಅಗಲದ ಗೆರೆಯಲ್ಲಿ 10 ಮಿಲಿಮೀಟರ್ ಉದ್ದ ಹೆಚ್ಚಿಗೆ ಸೇರಿಕೊಂಡರೆ 1 ಮಿಲಿಓಮ್, ನಮ್ಮ ಮೌಲ್ಯದ ಶೇಕಡಾ 10. ಅದೂ ಸ್ಥಿರವಲ್ಲ, ತಾಮ್ರದ ರೋಧ ಪ್ರತಿ ಡಿಗ್ರಿಗೆ ಶೇಕಡಾ 0.39ರಂತೆ ಏರುವುದರಿಂದ 60 ಡಿಗ್ರಿ ಬಿಸಿಯಾದಾಗ ಆ ಹೆಚ್ಚುವರಿ ಭಾಗ ಕಾಲುಪಾಲಿನ ಹತ್ತಿರ ಬೆಳೆದಿರುತ್ತದೆ.

ಪರಿಹಾರ ಕೆಲ್ವಿನ್ ಜೋಡಣೆ. ದೊಡ್ಡ ಕರೆಂಟ್ ಪ್ಯಾಡುಗಳ ಹೊರ ಅಂಚಿನಿಂದ ಬಂದು ಹೋಗಲಿ. ಸೆನ್ಸ್ ಗೆರೆಗಳು ಪ್ಯಾಡುಗಳ ಒಳ ಅಂಚಿನಿಂದ, ರೆಸಿಸ್ಟರಿನ ಹೊಟ್ಟೆಯ ಕೆಳಗಿನಿಂದ ಹೊರಡಲಿ. ಎರಡೂ ಗೆರೆಗಳು ಒಂದಕ್ಕೊಂದು ಅಂಟಿದಂತೆ ಜೊತೆಯಾಗಿ ಸಾಗಿ ಚಿಪ್ಪಿನ ಪಿನ್ನು ತಲುಪಬೇಕು, ಫಿಲ್ಟರಿನ ಕೆಪಾಸಿಟರ್ ಚಿಪ್ಪಿನ ಪಕ್ಕದಲ್ಲೇ ಇರಬೇಕು. ಇಂಡಕ್ಟರಿನ ಎರಡು ತುದಿಗಳ ಸ್ವಿಚ್ ನೋಡ್‌ಗಳಿಂದ ಈ ಜೋಡಿ ದೂರವಿರಬೇಕು. ಗ್ರೌಂಡಿನ ಕಡೆಯ ಸೆನ್ಸ್ ಗೆರೆಯಲ್ಲಿ ಅನೇಕರು ಎಡವುತ್ತಾರೆ. ಹೇಗೂ ಗ್ರೌಂಡ್ ತಾನೇ ಎಂದು ಅದನ್ನು ಹತ್ತಿರದ ವಯಾದಲ್ಲಿ (ಬೋರ್ಡಿನ ಪದರಗಳನ್ನು ಜೋಡಿಸುವ ರಂಧ್ರ) ಗ್ರೌಂಡ್ ಪ್ಲೇನಿಗೆ ಇಳಿಸಿದರೆ, ಪ್ಲೇನಿನಲ್ಲಿ ಹರಿಯುವ ಕರೆಂಟಿನ ವೋಲ್ಟೇಜೆಲ್ಲ ಅಳತೆಗೆ ಸೇರುತ್ತದೆ. ಅದು ಪ್ರತ್ಯೇಕ ಗೆರೆಯಾಗಿಯೇ ಚಿಪ್ಪಿನವರೆಗೆ ಬರಬೇಕು. ಲೇಔಟ್ ಸಾಫ್ಟ್‌ವೇರ್ ಎರಡನ್ನೂ ಒಂದೇ ನೆಟ್ ಎಂದು ತಿಳಿದು ಬೆಸೆದುಬಿಡುವುದರಿಂದ, ಗ್ರೌಂಡ್ ತುಂಬಿಸಿದ ಮೇಲೆ ಆ ಜಾಗವನ್ನು ಕಣ್ಣಾರೆ ನೋಡಿ.

ಸರಾಸರಿ ಕರೆಂಟಿಗೆ ಬೇರೆ ರೆಸಿಸ್ಟರ್

ಕನ್ವರ್ಟರಿನಿಂದ ಬ್ಯಾಟರಿ ಚಾರ್ಜ್ ಮಾಡುವುದಿದ್ದರೆ ಅಥವಾ ಎಲ್‌ಇಡಿ ಬೆಳಗಿಸುವುದಿದ್ದರೆ ಔಟ್‌ಪುಟ್ ಕರೆಂಟನ್ನು ಸ್ಥಿರವಾಗಿಡಲು ಕೆಲವು ಕಂಟ್ರೋಲರುಗಳಲ್ಲಿ ಎರಡನೆಯ ಸೆನ್ಸ್ ಜೋಡಿಯಿರುತ್ತದೆ. ಅದರ ಮಿತಿ 50 ಮಿಲಿವೋಲ್ಟ್ ಎಂದುಕೊಂಡರೆ, 6.25 ಆಂಪಿಯರಿಗೆ 8 ಮಿಲಿಓಮ್ ಬೇಕು. 5 ಆಂಪಿಯರ್ ಎಡೆಬಿಡದೆ ಹರಿಯುವುದರಿಂದ ಶಾಖ 0.2 ವ್ಯಾಟ್. ಇಲ್ಲಿ ರಿಪಲ್ಲಿನ ಲೆಕ್ಕವಿಲ್ಲ, ಆದರೆ ನಿಖರತೆಗೆ ಬೆಲೆಯಿದೆ. ಮಿತಿ ಬಿಗಿಯಾಗಿರುವ ಚಿಪ್ಪಿನಲ್ಲಿ ಉತ್ತಮ ನಿಖರತೆಯ, ಕಡಿಮೆ ಉಷ್ಣತಾ ಗುಣಾಂಕದ ರೆಸಿಸ್ಟರಿಗೆ ಹೆಚ್ಚು ಹಣ ಕೊಡುವುದು ಸರಿಯೇ.

ಬೋರ್ಡ್ ಬಂದ ಮೇಲೆ

ಕಂಟ್ರೋಲರ್ ಚಿಪ್ಪನ್ನು ಬೆಸುಗೆ ಹಾಕುವ ಮುನ್ನವೇ ಮೊದಲ ಪರೀಕ್ಷೆ ಮಾಡಿ. ಬೆಂಚ್ ಸಪ್ಲೈನಿಂದ ಕೆಳಗಿನ ಮಾಸ್‌ಫೆಟ್‌ಗಳ ಸೋರ್ಸಿಗೂ ಪವರ್ ಗ್ರೌಂಡಿಗೂ ನಡುವೆ 5 ಆಂಪಿಯರ್ ಹರಿಸಿ, ಚಿಪ್ಪಿನ ಸೆನ್ಸ್ ಪ್ಯಾಡುಗಳ ಮೇಲೆ ಮಿಲಿವೋಲ್ಟ್ ಅಳೆಯಿರಿ. 50 ಮಿಲಿವೋಲ್ಟ್ ಬರಬೇಕು. ಶೇಕಡಾ 1ರಷ್ಟು ಆಚೀಚೆಯಾದರೆ ಅದು ರೆಸಿಸ್ಟರಿನದೇ. 53 ತೋರಿಸಿದರೆ 0.6 ಮಿಲಿಓಮಿನಷ್ಟು ತಾಮ್ರ ಅಥವಾ ಬೆಸುಗೆ ಅಳತೆಯೊಳಗೆ ನುಸುಳಿದೆ ಎಂದರ್ಥ, ಸೆನ್ಸ್ ಗೆರೆ ಹೊರಡುವ ಜಾಗವನ್ನು ನೋಡಬೇಕು.

ಚಿಪ್ ಕೂರಿಸಿದ ಮೇಲೆ ಇನ್‌ಪುಟ್ಟನ್ನು 9 ವೋಲ್ಟಿಗೆ ಇಟ್ಟು ಔಟ್‌ಪುಟ್ ಕುಸಿಯುವವರೆಗೆ ಲೋಡನ್ನು ಮೆಲ್ಲಗೆ ಏರಿಸಿ. ಇಂಡಕ್ಟರಿನ ಕರೆಂಟನ್ನು ಪ್ರೋಬಿನಲ್ಲಿ ನೋಡುತ್ತಿದ್ದರೆ ಕುಸಿಯುವ ಹೊತ್ತಿನ ಪೀಕ್ 10 ಮತ್ತು 14 ಆಂಪಿಯರುಗಳ ನಡುವೆ ಎಲ್ಲೋ ಇರಬೇಕು, ಅಲೆಯ ಏರು ಕೊನೆಯವರೆಗೂ ನೇರವಾಗಿರಬೇಕು. ತುದಿಯಲ್ಲಿ ಮೇಲಕ್ಕೆ ಬಾಗಿದರೆ ಇಂಡಕ್ಟರ್ ಸ್ಯಾಚುರೇಟ್ ಆಗುತ್ತಿದೆ. ಸೆನ್ಸ್ ಪಿನ್ನಿನ ಸಂಕೇತವನ್ನು ನೋಡುವಾಗ ಆಸಿಲೋಸ್ಕೋಪಿನ ಉದ್ದನೆಯ ಗ್ರೌಂಡ್ ಕ್ಲಿಪ್ ಬಳಸಬೇಡಿ, ಅದೇ ಆಂಟೆನಾ ಆಗಿ ಇಲ್ಲದ ಮುಳ್ಳುಗಳನ್ನು ತೋರಿಸುತ್ತದೆ. ಪ್ರೋಬಿನ ತುದಿಗೆ ಸಿಕ್ಕಿಸುವ ಸ್ಪ್ರಿಂಗ್ ಗ್ರೌಂಡ್ ಬಳಸಿ.

ಕೊನೆಗೆ 15 ವೋಲ್ಟಿನಲ್ಲಿ ಔಟ್‌ಪುಟ್ಟನ್ನು ದಪ್ಪ ವೈರಿನಿಂದ ಶಾರ್ಟ್ ಮಾಡಿ, ಉಷ್ಣತೆ ಏರುವುದು ನಿಲ್ಲುವವರೆಗೆ ಹಾಗೆಯೇ ಬಿಟ್ಟು, ಥರ್ಮಲ್ ಕ್ಯಾಮೆರಾ ಅಥವಾ ಥರ್ಮೋಕಪಲ್‌ನಿಂದ ರೆಸಿಸ್ಟರಿನ ಮೈಯನ್ನೂ ಅದರ ಟರ್ಮಿನಲ್‌ಗಳನ್ನೂ ಅಳೆಯಿರಿ. ಬೋರ್ಡನ್ನು ಪೆಟ್ಟಿಗೆಯೊಳಗೆ ಮುಚ್ಚಿಟ್ಟು, ಬೇಸಿಗೆಯ ಮಧ್ಯಾಹ್ನದಲ್ಲಿ ಅದು ಕೆಲಸ ಮಾಡಬೇಕಾದ ಕಡೆಯ ಉಷ್ಣತೆಯಲ್ಲಿ ಮಾಡಿದ ಅಳತೆಯನ್ನಷ್ಟೇ ಡಿರೇಟಿಂಗ್ ಗ್ರಾಫಿನೊಡನೆ ಹೋಲಿಸಬೇಕು. ಮೇಜಿನ ಮೇಲೆ ಫ್ಯಾನಿನ ಗಾಳಿಯಲ್ಲಿ ಸಿಕ್ಕ ಸಂಖ್ಯೆ ಆ ಹೋಲಿಕೆಗೆ ಸಲ್ಲದು.